ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಬೇಡಿ: ಹಲ್ಲು ಕೀಳಿಸಿದ ಮೇಲೆ ಊಟ, ಆರೈಕೆ

ಹಲ್ಲು ಕೀಳಿಸಿಕೊಂಡು ಮನೆಗೆ ಬಂದಾಗ ನನ್ನ ಜೇಬಿನಲ್ಲಿ ಒಂದು ಚೀಟಿ ಇತ್ತು. ಕ್ಲಿನಿಕ್‌ನಲ್ಲಿ ಕೊಟ್ಟಿದ್ದು, ಪೂರ್ತಿ ಇಂಗ್ಲಿಷಿನಲ್ಲಿ. 'ಏನು ತಿನ್ನಬಹುದು' ಅನ್ನೋ ಕಡೆ ಆಪಲ್ ಸಾಸ್, ಪುಡಿಂಗ್, ಮ್ಯಾಶ್ಡ್ ಪೊಟ್ಯಾಟೊ, ಸ್ಮೂದಿ ಅಂತ ಬರೆದಿತ್ತು. ಅವ್ವ ಓದಿಸಿ ಕೇಳಿದಳು. "ಇದರಾಗ ನಮ್ಮ ಮನ್ಯಾಗ ಇರೋದು ಬಟಾಟಿ ಒಂದ ನೋಡು" ಅಂದವಳೇ ಒಳಗೆ ಹೋಗಿ ಅನ್ನ ಮೆತ್ತಗೆ ಮಾಡಲು ಇಟ್ಟಳು.

ಆ ಚೀಟಿಯಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕಡಕ್ ರೊಟ್ಟಿ ಶೇಂಗಾ ಚಟ್ನಿ, ಸಂಜೆ ಗಿರಮಿಟ್ ಮಿರ್ಚಿ, ಊಟ ಆದ ಮೇಲೆ ಎಲೆ-ಅಡಿಕೆ ಅನ್ನುವ ಹುಬ್ಬಳ್ಳಿ-ಧಾರವಾಡದ ಕಡೆಯವರು ಹಲ್ಲು ಕೀಳಿಸಿದ ಮೇಲೆ ಏನು ತಿನ್ನಬೇಕು, ಹೇಗಿರಬೇಕು ಅನ್ನೋದು. ನಾನೊಂದು ತಪ್ಪು ಮಾಡಿ ಒಂದು ವಾರ ಒದ್ದಾಡಿದ್ದೇನೆ, ಅದನ್ನೂ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಹಲ್ಲು ಕಿತ್ತವರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮಾತು.

ಮೊದಲು ಇದೊಂದು ತಿಳ್ಕೊಳ್ಳಿ

ಹಲ್ಲು ಕಿತ್ತ ಜಾಗದಲ್ಲಿ ಗುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ನೋಡೋಕೆ ಕರಿ-ಕೆಂಪು ಜೆಲ್ಲಿ ಇದ್ದಂಗೆ ಇರುತ್ತದೆ. ಅದರ ಕೆಳಗೆ ಇರೋದು ಬರೀ ಎಲುಬು ಮತ್ತು ನರದ ತುದಿಗಳು. ಆ ಹೆಪ್ಪೇ ಗಾಯಕ್ಕೆ ಮುಚ್ಚಳ, ಹೊಸ ಮಾಂಸ ಬೆಳೆಯೋದೂ ಅದನ್ನೇ ಹಿಡಿದುಕೊಂಡು.

ಮೊಸರಿಗೂ ನಾವು ಹೆಪ್ಪು ಅಂತೀವಿ, ರಕ್ತಕ್ಕೂ ಹೆಪ್ಪು ಅಂತೀವಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟ ಮೇಲೆ ಯಾರಾದರೂ ಆ ಪಾತ್ರೆ ಎತ್ತಿ ಆ ಕಡೆ ಈ ಕಡೆ ಇಟ್ಟರೆ ಮನೆಯಲ್ಲಿ ಬೈಗುಳ ಗ್ಯಾರಂಟಿ, ಅಲ್ವಾ? ಇದೂ ಹಾಗೇ. ಉಗುಳಬೇಡಿ, ಸ್ಟ್ರಾ ಬೇಡ, ಬಿಸಿ ಬೇಡ, ಬೀಡಿ ಬೇಡ, ನಾಲಿಗೆ ತುದಿಯಿಂದ ಮುಟ್ಟಿ ನೋಡಬೇಡಿ ಅಂತ ಡಾಕ್ಟರು ಸಾಲಾಗಿ ಹೇಳುತ್ತಾರಲ್ಲ, ಅವೆಲ್ಲ ಬೇರೆ ಬೇರೆ ನಿಯಮ ಅಲ್ಲ, ಒಂದೇ ನಿಯಮ: ಪಾತ್ರೆ ಅಲ್ಲಾಡಿಸಬೇಡಿ. ಇಷ್ಟು ತಲೆಯಲ್ಲಿದ್ದರೆ ಚೀಟಿ ಕಳೆದುಹೋದರೂ ಚಿಂತೆ ಇಲ್ಲ.

ಕ್ಲಿನಿಕ್‌ಗೆ ಹೋಗುವ ಮುಂಚೆ

ಬರೀ ಆ ಜಾಗಕ್ಕೆ ಇಂಜೆಕ್ಷನ್ ಕೊಟ್ಟು ಕೀಳೋದಾದರೆ ಹೊಟ್ಟೆ ತುಂಬ ಊಟ ಮಾಡಿ ಹೋಗಿ. ಆಮೇಲೆ ನಾಲ್ಕೈದು ಗಂಟೆ ಸರಿಯಾಗಿ ತಿನ್ನೋಕೆ ಆಗೋದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ತಲೆ ಸುತ್ತಿ ಬೀಳುವವರೂ ಇದ್ದಾರೆ. ಪೂರ್ತಿ ನಿದ್ದೆ ಬರಿಸಿ ಮಾಡುತ್ತಾರೆ ಅಂದರೆ ಲೆಕ್ಕ ಬೇರೆ, ಎಷ್ಟು ಗಂಟೆ ಮೊದಲು ಊಟ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ.

ಸಕ್ಕರೆ ಕಾಯಿಲೆ, ಬಿಪಿ, ಹಾರ್ಟ್ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ, ಎಲುಬು ಸವೆತಕ್ಕೆ ತಗೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್, ಬಸಿರು, ಯಾವುದಾದರೂ ಮಾತ್ರೆ ಮೈಗೆ ಒಗ್ಗದಿರೋದು: ಇದರಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು "ಹಲ್ಲು ಕೀಳಿಸಬೇಕಲ್ಲ" ಅಂತ ನೀವೇ ನಿಲ್ಲಿಸಬೇಡಿ. ಅದು ಹಲ್ಲಿಗಿಂತ ದೊಡ್ಡ ತೊಂದರೆ ತರಬಹುದು. ನಿಲ್ಲಿಸಬೇಕಾ ಬೇಡವಾ ಅಂತ ಅದನ್ನು ಬರೆದುಕೊಟ್ಟ ಡಾಕ್ಟರು ಹೇಳಲಿ.

ಮನೆಯಲ್ಲಿ ಮೊಸರು, ಹೆಸರುಬೇಳೆ, ರವೆ, ಬಾಳೆಹಣ್ಣು, ಐಸ್ ಇಟ್ಟುಕೊಳ್ಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ರಸ್ತೆಯ ಗುಂಡಿಯಲ್ಲಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಗಾಡಿ ಓಡಿಸೋದು ಬೇಡ. ಯಾರೂ ಇಲ್ಲದಿದ್ದರೆ ಚಿಗರಿ ಬಸ್ಸೇ ವಾಸಿ. ನಾನು ಬಂದದ್ದೂ ಅದರಲ್ಲೇ.

ಮೊದಲ ಒಂದು ಗಂಟೆ

ಕಿತ್ತ ಜಾಗದ ಮೇಲೆ ಹತ್ತಿಬಟ್ಟೆಯ ಉಂಡೆ ಇಟ್ಟು ಕಚ್ಚಿಕೊಳ್ಳಿ ಅನ್ನುತ್ತಾರೆ. 30ರಿಂದ 45 ನಿಮಿಷ ಗಟ್ಟಿಯಾಗಿ, ಒಂದೇ ಸಮನೆ ಕಚ್ಚಿರಬೇಕು. ಮಧ್ಯೆ ಮಧ್ಯೆ ತೆಗೆದು ರಕ್ತ ನಿಂತಿತಾ ಅಂತ ನೋಡಬಾರದು. ತೆಗೆದ ಸಲಕ್ಕೊಮ್ಮೆ ಆಗಷ್ಟೇ ಕಟ್ಟಿದ ಹೆಪ್ಪು ಹತ್ತಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ನಾನು ಬಸ್ಸಲ್ಲಿ ಕೂತು ಎರಡು ಸಲ ಕರ್ಚೀಫಿನ ಮರೆಯಲ್ಲಿ ತೆಗೆದು ನೋಡಿದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಮಾತು ಬೇಡ. ಫೋನ್ ಬಂದರೆ ಮೆಸೇಜ್ ಮಾಡಿ. ಬಾಯಲ್ಲಿ ಜೊಲ್ಲು ತುಂಬಿದರೆ ನುಂಗಿ, ಉಗುಳಬೇಡಿ. ಸ್ವಲ್ಪ ರಕ್ತದ ರುಚಿ ಬರುತ್ತದೆ, ಬರಲಿ. ಒಂದೆರಡು ಹನಿ ರಕ್ತ ಬಾಯಿ ತುಂಬ ಜೊಲ್ಲಿಗೆ ಸೇರಿದರೆ ಎಲ್ಲ ರಕ್ತವೇ ಅನ್ನಿಸುತ್ತದೆ. ಮೊದಲ ದಿನ ಪೂರ್ತಿ ಜೊಲ್ಲು ಗುಲಾಬಿ ಬಣ್ಣದಲ್ಲಿದ್ದರೆ ಹೆದರಬೇಕಿಲ್ಲ.

ಹತ್ತಿ ತೆಗೆದ ಮೇಲೂ ರಕ್ತ ಹರಿಯುತ್ತಿದ್ದರೆ ಶುಭ್ರವಾದ ಗಾಜ್ ಬಟ್ಟೆಯನ್ನು (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ದಪ್ಪಗೆ ಮಡಚಿ, ಸ್ವಲ್ಪ ಒದ್ದೆ ಮಾಡಿ, ಸರಿಯಾಗಿ ಆ ಗುಳಿಯ ಮೇಲೇ ಇಟ್ಟು ಮತ್ತೆ ಅರ್ಧ ಗಂಟೆ ಕಚ್ಚಿ. ಗಾಜ್ ಇಲ್ಲದಿದ್ದರೆ ಟೀ ಬ್ಯಾಗ್ ಆದೀತು, ನೀರಲ್ಲಿ ನೆನೆಸಿ ತಣ್ಣಗೆ ಮಾಡಿ ಹಿಂಡಿ ಇಟ್ಟುಕೊಳ್ಳಿ. ಚಹಾದಲ್ಲಿರುವ ಒಗರು ರಕ್ತ ನಿಲ್ಲೋಕೆ ಸಹಾಯ ಮಾಡುತ್ತದೆ. ಹಾಗಂತ ಡಬ್ಬಿಯ ಚಹಾಪುಡಿಯನ್ನೇ ಗುಳಿಗೆ ತುಂಬಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅದರೊಳಗೆ ಏನು ಹೋಗಿ ಕೂತರೂ ಆಮೇಲೆ ತೆಗೆಯೋದು ಕಷ್ಟ.

ಮೊದಲ ದಿನ

ತುಟಿ, ಕೆನ್ನೆ, ನಾಲಿಗೆಯ ಅರ್ಧ ಭಾಗ ಜೋಮು ಹಿಡಿದಿರುತ್ತದೆ. ಎರಡರಿಂದ ನಾಲ್ಕು ಗಂಟೆ ಹಾಗೇ ಇರುತ್ತದೆ. ಅದು ಬಿಡುವ ತನಕ ಏನೂ ಅಗಿಯಬೇಡಿ, ಬಿಸಿ ಚಹಾ ಮುಟ್ಟಲೇಬೇಡಿ. ಸುಟ್ಟರೂ ಗೊತ್ತಾಗಲ್ಲ, ಕಚ್ಚಿಕೊಂಡರೂ ಗೊತ್ತಾಗಲ್ಲ. ಮಕ್ಕಳಿಗೆ ಹಲ್ಲು ಕೀಳಿಸಿದ್ದರೆ ಪಕ್ಕದಲ್ಲೇ ಕೂತು ನೋಡಿಕೊಳ್ಳಿ. ಅವಕ್ಕೆ ಜೋಮು ಅಂದರೆ ಆಟ, ತುಟಿಯನ್ನು ಚೂಯಿಂಗ್ ಗಮ್ ಥರ ಅಗಿದು ಸಂಜೆಗೆ ದೊಡ್ಡ ಗಾಯ ಮಾಡಿಕೊಂಡಿರುತ್ತವೆ.

ಐಸನ್ನು ಕರ್ಚೀಫಿನಲ್ಲಿ ಸುತ್ತಿ ಹೊರಗಿನಿಂದ ಕೆನ್ನೆಗೆ ಇಡಿ. 15-20 ನಿಮಿಷ ಇಡಿ, ಅಷ್ಟೇ ಹೊತ್ತು ತೆಗೆಯಿರಿ, ಮತ್ತೆ ಇಡಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಮಡಿಕೆಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಮೊದಲ ದಿನ ಬಿಸಿ ಶಾಖ ಬೇಡ, ಅಜ್ಜಿ ಎಷ್ಟೇ ಪ್ರೀತಿಯಿಂದ ಉಪ್ಪಿನ ಗಂಟು ಕಾಯಿಸಿ ತಂದರೂ ಬೇಡ. ಬಿಸಿಗೆ ರಕ್ತ ಮತ್ತೆ ಒಸರಬಹುದು.

ಬಾಯಿ ಮುಕ್ಕಳಿಸಬೇಡಿ. 24 ಗಂಟೆ ಪೂರ್ತಿ. ಇದನ್ನೇ ನಾನು ಸರಿಯಾಗಿ ಮಾಡಲಿಲ್ಲ, ಆ ಕಥೆ ಮುಂದೆ ಬರುತ್ತದೆ.

ಮಲಗುವಾಗ ಎರಡು ದಿಂಬು ಹಾಕಿ, ತಲೆ ಎತ್ತರದಲ್ಲಿರಲಿ. ದಿಂಬಿನ ಮೇಲೆ ಹಳೆ ಟವಲ್ ಹಾಸಿ, ಬೆಳಿಗ್ಗೆ ಕೆಂಪು ಕಲೆ ನೋಡಿ ಮನೆಯವರು ಗಾಬರಿ ಆಗೋದು ತಪ್ಪುತ್ತದೆ. ಎರಡು ದಿನ ಭಾರ ಎತ್ತೋದು, ಜಿಮ್ಮು, ಹೊಲದ ಕೆಲಸ, ಬಗ್ಗಿ ಬಗ್ಗಿ ನೆಲ ಒರೆಸೋದು ಬೇಡ.

ಇನ್ನು ಊಟ. ಮೊದಲ ದಿನದ ಲೆಕ್ಕ ಸುಲಭ: ತಣ್ಣಗಿರಬೇಕು ಅಥವಾ ಉಗುರುಬೆಚ್ಚಗಿರಬೇಕು, ಅಗಿಯುವ ಕೆಲಸ ಇರಬಾರದು. ಮಜ್ಜಿಗೆ, ಹಾಲು, ಲಸ್ಸಿ, ತಣ್ಣಗಾದ ಗಂಜಿ, ರಾಗಿ ಅಂಬಲಿ, ನುಣ್ಣಗೆ ಕಿವುಚಿದ ಮೊಸರನ್ನ, ಆರಿದ ಗೋಧಿ ಸಜ್ಜಕ. ಮಜ್ಜಿಗೆಗೆ ಒಗ್ಗರಣೆ ಬೇಡ, ಸಾಸಿವೆ ಕಾಳು ಹೋಗಿ ಗುಳಿಯಲ್ಲಿ ಕೂತರೆ ಅದು ಅಲ್ಲೇ ಮನೆ ಮಾಡುತ್ತದೆ. ಐಸ್‌ಕ್ರೀಮ್ ತಿನ್ನಬಹುದು, ಕಪ್‌ನಲ್ಲಿ, ಚಮಚದಿಂದ. ಕೋನ್ ಬೇಡ, ಗೋಡಂಬಿ ಪಿಸ್ತಾ ಚೂರು ಇರೋದು ಬೇಡ. ಎಳನೀರು ಒಳ್ಳೆಯದು. ಆದರೆ ಅಂಗಡಿಯವನು ಕೊಚ್ಚಿ ಮೊದಲು ಚುಚ್ಚೋದೇ ಸ್ಟ್ರಾ. ಸ್ಟ್ರಾದಿಂದ ಹೀರಿದರೆ ಬಾಯೊಳಗೆ ಎಳೆತ ಹುಟ್ಟುತ್ತದೆ, ಆ ಎಳೆತಕ್ಕೆ ಹೆಪ್ಪು ಎದ್ದು ಬರಬಹುದು. ಹಾಗಾಗಿ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಚಹಾ ಇಲ್ಲದೆ ಜೀವ ಹೋಗುತ್ತದೆ ಅನ್ನುವವರು ಆರಿಸಿ ಆರಿಸಿ ಬೆಚ್ಚಗೆ ಮಾಡಿಕೊಂಡು ಕುಡಿಯಿರಿ, ಬಸಿಗೆ ಬಗ್ಗಿಸಿ ಸುರ್ ಅಂತ ಎಳೆಯಬೇಡಿ. ಅದೂ ಒಂಥರಾ ಸ್ಟ್ರಾನೇ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ನೋವಿದೆ ಅಂತ ಊಟ ಬಿಟ್ಟು ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತಗೊಳ್ಳಬೇಡಿ, ಸಕ್ಕರೆ ಇಳಿದುಹೋಗುತ್ತದೆ. ಸಿಹಿ ಸಜ್ಜಕ, ಐಸ್‌ಕ್ರೀಮಿನ ಬದಲು ಮಜ್ಜಿಗೆ ಹಾಕಿದ ಗಂಜಿ, ಮೆತ್ತಗಿನ ಬೇಳೆ ಅನ್ನ ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ತಿನ್ನಿ.

ನನ್ನ ತಪ್ಪು

ನನ್ನದು ಕೆಳದವಡೆಯ ಎಡಗಡೆ ಹಲ್ಲು, ಕೊನೆಯಿಂದ ಎರಡನೆಯದು. ಕಿತ್ತದ್ದು ಸಂಜೆ. ಮರುದಿನ ಬೆಳಿಗ್ಗೆ ಎದ್ದೆ, ನೋವು ಹೆಚ್ಚೇನೂ ಇರಲಿಲ್ಲ, ಬಾಯಿ ಮಾತ್ರ ಗಬ್ಬು ನಾರುತ್ತಿತ್ತು. ಹಿತ್ತಿಲಿಗೆ ಹೋಗಿ, ದಿನಾ ಮಾಡುವ ಹಾಗೇ ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಎರಡೂ ಉಬ್ಬಿಸಿ ಗಳಗಳ ಮುಕ್ಕಳಿಸಿ, ಮೂರು ಮಾರು ದೂರ ಹೋಗುವಂತೆ ಉಗುಳಿದೆ. ನಮ್ಮಪ್ಪನೂ ಹಾಗೇ ಮುಕ್ಕಳಿಸುತ್ತಿದ್ದ, ಓಣಿಗೆಲ್ಲ ಬೆಳಗಾಯಿತು ಅಂತ ಗೊತ್ತಾಗುತ್ತಿದ್ದದ್ದೇ ಅದರಿಂದ. ಉಗುಳಿದ ನೀರಿನ ಜೊತೆ ಕರ್ರಗೆ ಒಂದು ಚೂರು ಹೋದದ್ದನ್ನು ನೋಡಿದೆ. ಕೊಳೆ ರಕ್ತ ಹೋಯಿತು, ಒಳ್ಳೆಯದೇ ಆಯಿತು ಅಂದುಕೊಂಡೆ.

ಎರಡು ದಿನ ಬಿಟ್ಟು ರಾತ್ರಿ ಕಿವಿ ನೋಯಲು ಶುರುವಾಯಿತು. ಹಲ್ಲಲ್ಲ, ಕಿವಿ. ಎಡಗಡೆ ಕಿವಿಯ ಒಳಗೆ ಯಾರೋ ಸೂಜಿ ಇಟ್ಟು ತಿರುವಿದಂತೆ. ಕಿವಿನೋವೇ ಇರಬೇಕು ಅಂತ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು. ಬೆಳಿಗ್ಗೆ ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗುಳಿ ಖಾಲಿ, ತಳದಲ್ಲಿ ಬೂದು-ಬಿಳಿ ಬಣ್ಣದ ಎಲುಬು. ಇದಕ್ಕೆ ಡ್ರೈ ಸಾಕೆಟ್ ಅಂತಾರೆ, ಒಣ ಗುಳಿ. ಹಲ್ಲು ಕೀಳಿಸಿದ ನೂರರಲ್ಲಿ ಎರಡರಿಂದ ಐದು ಜನಕ್ಕೆ ಆಗುತ್ತದೆ, ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಜಾಸ್ತಿ, ಬೀಡಿ ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ಇನ್ನೂ ಜಾಸ್ತಿ.

ಇದರ ಗುರುತು ನೆನಪಿಟ್ಟುಕೊಳ್ಳಿ. ಮಾಮೂಲಿ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೊದಲೆರಡು ದಿನ ಇಳಿದು, ಮೂರನೇ ಅಥವಾ ನಾಲ್ಕನೇ ದಿನ ಒಮ್ಮೆಲೇ ಏರಿದರೆ, ಕಿವಿ ಕಣತಲೆಗೆ ಹೊಡೆದರೆ, ಬಾಯಿ ಕೆಟ್ಟ ವಾಸನೆ ಬಂದರೆ ಅದು ಇದೇ. ಮನೆಮದ್ದು ಮಾಡುತ್ತಾ ಕೂರಬೇಡಿ, ವಾಪಸ್ ಹೋಗಿ. ಅವರು ಗುಳಿ ತೊಳೆದು ಲವಂಗದ ಎಣ್ಣೆಯ ಅಂಶ ಇರುವ ಔಷಧಿ ತುಂಬುತ್ತಾರೆ. ನನಗೆ ಕುರ್ಚಿಯಿಂದ ಇಳಿಯುವಷ್ಟರಲ್ಲಿ ಅರ್ಧ ನೋವು ಹೋಗಿತ್ತು. ಒಂದು ದಿನ ಬಿಟ್ಟು ಒಂದು ದಿನ ಮೂರು ಸಲ ಬದಲಾಯಿಸಿದರು.

ಲವಂಗದ ಎಣ್ಣೆನೇ ಅಲ್ವಾ, ನಾನೇ ಹಾಕ್ಕೊಳ್ತೀನಿ ಅನ್ನಬೇಡಿ. ಹಸಿ ಗಾಯಕ್ಕೆ ಬರೀ ಲವಂಗದ ಎಣ್ಣೆ ಬಿಟ್ಟರೆ ಸುತ್ತಲಿನ ಚರ್ಮ ಸುಡುತ್ತದೆ.

ಎರಡನೇ ದಿನದಿಂದ ನಾಲ್ಕನೇ ದಿನದ ತನಕ

24 ಗಂಟೆ ಕಳೆದ ಮೇಲೆ ಉಪ್ಪುನೀರು ಶುರು ಮಾಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ತುಂಬಿಕೊಂಡು ತಲೆಯನ್ನು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿ, ಆಮೇಲೆ ಬಚ್ಚಲಲ್ಲಿ ಬಗ್ಗಿ ಬಾಯಿ ತೆರೆಯಿರಿ, ನೀರು ತಾನೇ ಬೀಳುತ್ತದೆ. ಉಗುಳಬೇಡಿ. ಊಟ ಆದ ಮೇಲೆಲ್ಲ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಒಂದು ವಾರ. ಹಲ್ಲುಜ್ಜೋದನ್ನು ಬಿಡಬೇಡಿ, ಆ ಜಾಗ ಬಿಟ್ಟು ಉಳಿದ ಹಲ್ಲನ್ನೆಲ್ಲ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಬಾಟಲಿಯ ಖಾರದ ಮೌತ್‌ವಾಶ್ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ.

ಕೆನ್ನೆ ಬಾವು ಎರಡನೇ ಮೂರನೇ ದಿನ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಆಮೇಲೆ ಇಳಿಯುತ್ತದೆ. ಎರಡು ದಿನ ಕಳೆದ ಮೇಲೆ ಬೆಚ್ಚಗಿನ ಶಾಖ ಕೊಡಬಹುದು, ಅಜ್ಜಿಯ ಉಪ್ಪಿನ ಗಂಟಿಗೆ ಈಗ ಕೆಲಸ. ಗುಳಿಯ ಮೇಲೆ ಬಿಳಿ-ಹಳದಿ ಪೊರೆ ಕಟ್ಟಿದ್ದು ಕಂಡರೆ ಕೀವು ಅಂತ ಕೆರೆಯಬೇಡಿ. ನೋವು, ವಾಸನೆ, ಜ್ವರ ಇಲ್ಲದಿದ್ದರೆ ಅದು ಗಾಯ ಮಾಯುತ್ತಿರುವ ಗುರುತು.

ಈಗ ಅಡುಗೆಮನೆಗೆ ಬರೋಣ. ನಮ್ಮ ಮನೆಯಲ್ಲಿ ನನಗೆ ನಾಲ್ಕು ದಿನ ನಡೆದದ್ದು ಎರಡೇ ಅಡುಗೆಯ ಮೇಲೆ.

ಒಂದು, ಹೆಸರುಬೇಳೆ ಖಿಚಡಿ. ಅರ್ಧ ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹೆಸರುಬೇಳೆ, ಐದು ಬಟ್ಟಲು ನೀರು, ಚೂರು ಅರಿಶಿನ, ಉಪ್ಪು. ಕುಕ್ಕರಿನಲ್ಲಿ ಐದಾರು ಸೀಟಿ. ಇಳಿಸಿದ ಮೇಲೆ ಸೌಟಿನ ಹಿಂಬದಿಯಿಂದ ಅಗುಳೇ ಕಾಣದಂತೆ ಒತ್ತಿ ಒತ್ತಿ ಕಲಸಿ, ಎರಡು ಚಮಚ ತುಪ್ಪ ಬಿಡಿ. ಜೀರಿಗೆ ಬೇಕೇ ಬೇಕು ಅಂದರೆ ಪುಡಿ ಮಾಡಿ ಹಾಕಿ. ಮೆಣಸಿನಕಾಯಿ ಬೇಡ, ಮೆಣಸೂ ಬೇಡ. ಬೇಳೆಯಿಂದ ಗಾಯ ಮಾಯೋಕೆ ಬೇಕಾದ ಪ್ರೋಟೀನ್ ಸಿಗುತ್ತದೆ, ತುಪ್ಪದಿಂದ ಹೊಟ್ಟೆ ನಿಲ್ಲುತ್ತದೆ. ಬರೀ ಐಸ್‌ಕ್ರೀಮು, ಜ್ಯೂಸು ಅಂತ ಮೂರು ದಿನ ದೂಡಿದರೆ ಕೈಕಾಲು ಬಿದ್ದುಹೋಗುತ್ತವೆ.

ಎರಡು, ಜೋಳದ ಗಂಜಿ. ರೊಟ್ಟಿ ಬಿಟ್ಟು ನಾಲ್ಕು ದಿನ ಇರೋದು ಹೇಗೆ ಅಂತ ನಾನು ಕೊರಗುತ್ತಿದ್ದಾಗ ಅವ್ವ ಮಾಡಿದ್ದು. ಎರಡು ಚಮಚ ಜೋಳದ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಂದೂವರೆ ಲೋಟ ಕುದಿಯುವ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕೈ ಬಿಡದೆ ತಿರುವಬೇಕು. ಏಳೆಂಟು ನಿಮಿಷ ಕುದ್ದ ಮೇಲೆ ಹಿಟ್ಟಿನ ಹಸಿ ವಾಸನೆ ಹೋಗಿ ರೊಟ್ಟಿ ಬೇಯುವ ವಾಸನೆ ಬರುತ್ತದೆ, ಆಗ ಇಳಿಸಿ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು. ಮೊದಲ ಲೋಟ ಕುಡಿದಾಗ ನನಗೆ ಬಾಯಲ್ಲಿ ಹಲ್ಲಿಲ್ಲದಿದ್ದರೂ ಊಟ ಮಾಡಿದೆ ಅನ್ನಿಸಿತು.

ಇವೆರಡರ ಜೊತೆ ಸಾರಲ್ಲಿ ನೆನೆಸಿದ ಇಡ್ಲಿ, ಮೆತ್ತಗಿನ ಉಪ್ಪಿಟ್ಟು, ಶ್ಯಾವಿಗೆ ಪಾಯಸ, ಬೇಯಿಸಿ ಕಿವುಚಿದ ಬಟಾಟಿ ಅಥವಾ ಕುಂಬಳಕಾಯಿ, ತತ್ತಿ ತಿನ್ನುವವರಿಗೆ ಖಾರವಿಲ್ಲದ ಮೆತ್ತನೆ ಬುರ್ಜಿ. ಹಣ್ಣಲ್ಲಿ ಬಾಳೆ, ಚಿಕ್ಕು, ಪಪ್ಪಾಯಿ, ಸೀಜನ್ ಇದ್ದರೆ ಆಪೂಸಿನ ಸೀಕರಣೆ. ಪೇರಲ, ಅಂಜೂರ ಬೇಡ, ಬೀಜದ ಕಾಟ. ಕಿತ್ತಲೆ ಮೋಸಂಬಿಯ ಹುಳಿ ಉರಿಯುತ್ತದೆ. ಧಾರವಾಡ ಪೇಢಾ? ಕೇಳಿಯೇ ಕೇಳುತ್ತೀರಿ ಅಂತ ಗೊತ್ತು. ಮೂರನೇ ದಿನದಿಂದ ಸಣ್ಣ ಚೂರು ಮಾಡಿ ಇನ್ನೊಂದು ಕಡೆ ಇಟ್ಟುಕೊಂಡು ಕರಗಿಸಿ ತಿನ್ನಿ, ತಿಂದ ಮೇಲೆ ಉಪ್ಪುನೀರು.

ಏನು ಬಿಡಬೇಕು

ಕಡಕ್ ರೊಟ್ಟಿಯನ್ನು ಯಾರೂ ಬಿಡಿ ಅಂತ ಹೇಳಬೇಕಿಲ್ಲ, ಅದರ ಚೂಪಾದ ಅಂಚು ನೋಡಿದರೇ ಗೊತ್ತಾಗುತ್ತದೆ. ಮೋಸ ಮಾಡೋದು ಪುಡಿಗಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಮೆತ್ತಗಿನ ಅನ್ನಕ್ಕೆ ಒಂಚೂರು ಕಲಸಿಕೊಂಡರೆ ಏನಾಗುತ್ತದೆ ಅನ್ನಿಸುತ್ತದೆ. ತರಿತರಿ ಪುಡಿ ಸೀದಾ ಗುಳಿಗೆ ಇಳಿಯುತ್ತದೆ, ಎಣ್ಣೆ ಬೇರೆ ಇರುವುದರಿಂದ ನೀರಿಗೂ ಹೊರಡೋದಿಲ್ಲ. ಗಿರಮಿಟ್ ಕೂಡ ಹಾಗೇ. ಚುರುಮುರಿ ಹಗುರ, ಮೆತ್ತಗೆ ಅನ್ನಿಸಿದರೂ ಒಂದೊಂದು ಕಾಳಿನ ತುದಿ ಗಟ್ಟಿ ಇರುತ್ತದೆ, ಮೇಲೆ ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು. ಹತ್ತು ದಿನ ಅದರ ಕಡೆ ನೋಡಬೇಡಿ.

ಖಾರದ ವಿಷಯಕ್ಕೆ ಬಂದರೆ ಹಾವೇರಿ ಕಡೆಯ ನನ್ನ ದೋಸ್ತ ಒಬ್ಬ "ನಮ್ಮ ಬ್ಯಾಡಗಿ ಮೆಣಸಿನಕಾಯಿ ಬರೇ ಬಣ್ಣಪಾ, ಖಾರ ಎಲ್ಲೈತಿ" ಅಂತ ವಾದಿಸುತ್ತಾನೆ. ಬ್ಯಾಡಗಿಗೆ ಬಣ್ಣ ಜಾಸ್ತಿ ಖಾರ ಕಡಿಮೆ ಅನ್ನೋದು ನಿಜ. ಆದರೆ ಹಸಿ ಗಾಯಕ್ಕೆ ಅಷ್ಟು ಖಾರವೂ ಸಾಕು. ರಂಜಕ, ಮಿರ್ಚಿ ಬಜ್ಜಿ ಒಂದು ವಾರದ ಮೇಲೆ ನೋಡೋಣ. ಸಾವಜಿ ಖಾನಾವಳಿ ಎರಡು ವಾರ ಬಂದ್. ಎಲುಬಿನ ತುಂಡು ಚೀಪೋದು ಅಂದರೆ ಖಾರ, ಬಿಸಿ, ಹೀರುವ ಎಳೆತ ಮೂರೂ ಒಟ್ಟಿಗೆ.

ಬೀಡಿ, ಸಿಗರೇಟು, ಗುಟ್ಕಾ, ತಂಬಾಕು, ಎಲೆ-ಅಡಿಕೆ. ಕಡಿಮೆ ಅಂದರೂ ಮೂರು ದಿನ ಪೂರ್ತಿ ಬಿಡಿ, ಒಂದು ವಾರ ಆದರೆ ಇನ್ನೂ ಒಳ್ಳೆಯದು. ಸೇದುವಾಗಿನ ಎಳೆತ ಒಂದು ಕಡೆ, ಹೊಗೆಸೊಪ್ಪಿನಿಂದ ರಕ್ತನಾಳ ಬಿಗಿದು ಗಾಯಕ್ಕೆ ರಕ್ತ ಸಾಲದೇ ಹೋಗೋದು ಇನ್ನೊಂದು ಕಡೆ. ಗುಟ್ಕಾ ಅಡಿಕೆಯದು ಬೇರೆಯೇ ರಗಳೆ: ಚೂರು ಗುಳಿಗೆ ಹೋಗುತ್ತದೆ, ಸುಣ್ಣ ಸುಡುತ್ತದೆ, ಮೇಲೆ ಎರಡು ನಿಮಿಷಕ್ಕೊಮ್ಮೆ ಉಗುಳಬೇಕು. ಅಡಿಕೆ ಇನ್ನೊಂದು ದವಡೆಯಲ್ಲಿ ಇಟ್ಟುಕೊಳ್ತೀನಿ ಅನ್ನುವವರನ್ನು ನೋಡಿದ್ದೇನೆ. ಉಗುಳೋದು ಅದೇ ಬಾಯಿಂದ ತಾನೇ.

ಮಾತ್ರೆ

ಜೋಮು ಬಿಡುವ ಮುಂಚೆಯೇ ಮೊದಲ ನೋವಿನ ಮಾತ್ರೆ ತಗೊಳ್ಳಿ, ಸ್ವಲ್ಪ ಗಂಜಿ ಕುಡಿದು. ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಮೇಲೊಂದು ನುಂಗುವ ಮುಂಚೆ ಪಟ್ಟಿಯ ಹಿಂದೆ ಓದಿ: ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ, ಎರಡೂ ಸೇರಿ ಡೋಸ್ ಜಾಸ್ತಿ ಆಗುತ್ತದೆ. ಆಸ್ಪಿರಿನ್ ಬೇಡ, ರಕ್ತ ನಿಲ್ಲೋದಿಲ್ಲ. ಹಾರ್ಟಿಗೆ ಅಂತ ದಿನಾ ತಗೊಳ್ಳುವವರ ಲೆಕ್ಕ ಬೇರೆ, ಅವರು ತಾವಾಗಿ ನಿಲ್ಲಿಸಬಾರದು. ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಕೊಟ್ಟಿದ್ದರೆ ಎಣ್ಣೆ ಪಾರ್ಟಿ ಮುಂದಕ್ಕೆ ಹಾಕಿ, ಎರಡೂ ಸೇರಿದರೆ ವಾಂತಿ ತಡೆಯೋಕಾಗಲ್ಲ ಅನ್ನುತ್ತಾರೆ ಡಾಕ್ಟರು. ಆಂಟಿಬಯೋಟಿಕ್ ಎಲ್ಲರಿಗೂ ಬೇಕಾಗೋದಿಲ್ಲ, ಕೊಟ್ಟಿಲ್ಲ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳಬೇಡಿ. ಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಿ.

ಮನೆಗೆ ಬಂದವರು ಹೇಳುವ ಮಾತುಗಳು

ಹಲ್ಲು ಕೀಳಿಸಿದ ಸುದ್ದಿ ಗೊತ್ತಾದರೆ ಸಾಕು, ಓಣಿಯಲ್ಲಿ ಎಲ್ಲರೂ ಡಾಕ್ಟರೇ. "ಮ್ಯಾಲಿನ ಹಲ್ಲು ಕಿತ್ತಿಸಿದ್ರ ಕಣ್ಣು ಹೋಗ್ತಾವ" ಅನ್ನೋದು ಎಲ್ಲಕ್ಕಿಂತ ಹಳೇದು. ಹೋಗೋದಿಲ್ಲ. ಹಲ್ಲಿನ ನರ ಬೇರೆ, ಕಣ್ಣು ಕಾಣಿಸುವ ನರ ಬೇರೆ. ವಯಸ್ಸಾದಾಗ ಹಲ್ಲೂ ಬೀಳುತ್ತವೆ, ಕಣ್ಣೂ ಮಂಜಾಗುತ್ತದೆ, ಎರಡೂ ಒಂದೇ ಹೊತ್ತಿಗೆ ಬಂದವು ಅಂತ ಗಂಟು ಹಾಕಿದ್ದಾರೆ ಅಷ್ಟೇ. ಆದರೆ ಮೇಲಿನ ಹಿಂದಿನ ಹಲ್ಲು ಕೀಳಿಸಿದವರು ಒಂದು ನೋಡಿಕೊಳ್ಳಬೇಕು. ಅದರ ಬೇರಿನ ಮೇಲೇ ಸೈನಸ್, ಅಂದರೆ ಮೂಗಿಗೆ ಸೇರುವ ಟೊಳ್ಳು ಜಾಗ ಇರುತ್ತದೆ. ಕೆಲವು ದಿನ ಮೂಗು ಜೋರಾಗಿ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಕುಡಿದ ನೀರು ಮೂಗಿನಲ್ಲಿ ಬಂದರೆ ತಕ್ಷಣ ಡಾಕ್ಟರಿಗೆ ಹೇಳಿ.

"ಅನ್ನ ತಿಂದ್ರ ಕೀವು ಆಗ್ತದ, ಮೊಸರು ಬದನಿಕಾಯಿ ನಂಜು" ಅಂತಲೂ ಹೇಳುತ್ತಾರೆ. ಕೀವು ಆಗೋದು ಗಾಯಕ್ಕೆ ಸೋಂಕು ತಗುಲಿದರೆ, ಅನ್ನದಿಂದಲ್ಲ. ಮೊಸರನ್ನಕ್ಕಿಂತ ಒಳ್ಳೆಯ ಊಟ ಮೊದಲ ದಿನಕ್ಕೆ ನನಗೆ ಗೊತ್ತಿಲ್ಲ. ಹಿರಿಯರ ಜೊತೆ ವಾದ ಬೇಡ, ಹೂಂ ಅಂದು ತಿನ್ನಿ.

ಯಾವಾಗ ಓಡಬೇಕು

ಗಾಜ್ ಸರಿಯಾಗಿ ಕಚ್ಚಿದರೂ ರಕ್ತ ನಿಲ್ಲದೆ ಬಾಯಿ ತುಂಬುತ್ತಿದ್ದರೆ. ಮೂರು ದಿನದ ಮೇಲೆ ಬಾವು ಇಳಿಯುವ ಬದಲು ಏರುತ್ತಿದ್ದರೆ. 101 ಡಿಗ್ರಿಗಿಂತ ಜಾಸ್ತಿ ಜ್ವರ, ಕೀವು, ಮರುದಿನಕ್ಕೂ ತುಟಿಯ ಜೋಮು ಬಿಡದಿರೋದು. ಇವುಗಳಿಗೆ ಹಲ್ಲು ಕಿತ್ತವರ ಹತ್ತಿರ ವಾಪಸ್ ಹೋಗಿ. ಬಾವು ಗಂಟಲಿಗೆ ಇಳಿದು ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹುಬ್ಬಳ್ಳಿಯ ಕಿಮ್ಸ್‌ನಂಥ (ಈಗ ಅದರ ಹೆಸರು ಕೆಎಂಸಿಆರ್‌ಐ) ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆ ಹೊತ್ತಲ್ಲಿ ಸಣ್ಣ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ.

ಒಂದು ವಾರದ ಮೇಲೆ

ಐದಾರನೇ ದಿನದಿಂದ ಆಗಷ್ಟೇ ಬಡಿದ ಬಿಸಿ ರೊಟ್ಟಿಯನ್ನು ಹಾಲಲ್ಲೋ ಬೇಳೆಯಲ್ಲೋ ನೆನೆಸಿ ಇನ್ನೊಂದು ಕಡೆಯಿಂದ ತಿನ್ನಬಹುದು. ಹೊಲಿಗೆ ಹಾಕಿದ್ದರೆ ಕೆಲವು ತಾವೇ ಕರಗುತ್ತವೆ, ಕೆಲವನ್ನು ಒಂದು ವಾರಕ್ಕೆ ಬಿಚ್ಚಿಸಬೇಕು. ಯಾವುದು ಅಂತ ಬರುವಾಗಲೇ ಕೇಳಿಕೊಂಡು ಬನ್ನಿ. ಒಸಡು ಮುಚ್ಚೋಕೆ ಮೂರು ನಾಲ್ಕು ವಾರ, ಒಳಗೆ ಎಲುಬು ತುಂಬೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿ ತನಕ ಊಟದ ಚೂರು ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಕಡ್ಡಿ, ಪಿನ್ನು, ಉಗುರು ಹಾಕಬೇಡಿ, ನೀರಲ್ಲಿ ಬಾಯಿ ತೊಳೆಯಿರಿ. ಕೆಲವೊಮ್ಮೆ ಮರಳಿನ ಕಾಳಿನಷ್ಟು ಎಲುಬಿನ ಚೂರು ಒಸಡಿನಿಂದ ಹೊರಗೆ ಬರುತ್ತದೆ, ನನಗೂ ಬಂತು. ತಾನಾಗಿ ಬಿದ್ದರೆ ಸರಿ, ಚುಚ್ಚುತ್ತಿದ್ದರೆ ತೋರಿಸಿ.

ಬುದ್ಧಿ ಹಲ್ಲಾದರೆ ಅದರ ಜಾಗಕ್ಕೆ ಹೊಸದು ಬೇಡ. ಬೇರೆ ಹಲ್ಲಾದರೆ ಖಾಲಿ ಬಿಟ್ಟಷ್ಟು ದಿನ ಪಕ್ಕದ್ದು ಈ ಕಡೆ ವಾಲುತ್ತದೆ, ಎದುರಿನದ್ದು ಆ ಜಾಗಕ್ಕೆ ಇಳಿಯುತ್ತದೆ. ಬ್ರಿಜ್ಜಾ (ಪಕ್ಕದ ಹಲ್ಲಿಗೆ ಆನಿಸಿ ಕೂರಿಸೋದು), ಇಂಪ್ಲಾಂಟಾ (ಎಲುಬಿಗೆ ಸ್ಕ್ರೂ ಹಾಕಿ ಕೂರಿಸೋದು), ತೆಗೆದು ಹಾಕುವ ಹಲ್ಲಾ ಅನ್ನೋದನ್ನು ಒಂದೆರಡು ತಿಂಗಳೊಳಗೆ ಕೇಳಿ ನಿರ್ಧಾರ ಮಾಡಿ. ದುಡ್ಡಿನ ಲೆಕ್ಕ ಜಾಸ್ತಿ ಅನ್ನಿಸಿದರೆ ದಂತ ವೈದ್ಯಕೀಯ ಕಾಲೇಜಿನಲ್ಲೂ ಕೇಳಿ ನೋಡಿ, ನಮ್ಮಲ್ಲಿ ಸತ್ತೂರಿನಲ್ಲಿ ಎಸ್‌ಡಿಎಂ ಕಾಲೇಜು ಇದೆ. ನಾನು ಇನ್ನೂ ಹಾಕಿಸಿಲ್ಲ. ಸದ್ಯ ಬಲಗಡೆಯಿಂದ ಕಡಕ್ ರೊಟ್ಟಿ ನಡೆಯುತ್ತಿದೆ, ಬೆಳಿಗ್ಗೆ ಮುಕ್ಕಳಿಸುವಾಗ ಈಗಲೂ ಕೆನ್ನೆ ಉಬ್ಬಿಸುವ ಮುಂಚೆ ಒಂದು ಕ್ಷಣ ಕೈ ತಡೆಯುತ್ತದೆ.